ವ್ಯಾನ್ ಡ್ರೈವರ್ ಏಜೆನ್ಸಿಯವನಾದರೆ ಶಾಲೆಗೆ ಹೊಣೆ ಇಲ್ಲವಾ?

ಬನಶಂಕರಿ ಪೋಷಕ:
ಬೆಂಗಳೂರಲ್ಲಿ ಎಷ್ಟೋ ಶಾಲೆಗಳು ವ್ಯಾನ್, ಆಯಾ, ಸೆಕ್ಯುರಿಟಿ ಎಲ್ಲವನ್ನೂ ಏಜೆನ್ಸಿಗೆ ವಹಿಸಿರುತ್ತವೆ. ‘ಸಾರಿಗೆಗೆ ಶಾಲೆ ಜವಾಬ್ದಾರಿಯಲ್ಲ’ ಅಂತ ಅಡ್ಮಿಷನ್ ಫಾರಂನಲ್ಲೇ ಸಹಿ ಹಾಕಿಸಿಕೊಳ್ಳೋದೂ ಉಂಟು. ಡ್ರೈವರ್ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರೆ ಆ ಸಹಿ ನಿಲ್ಲುತ್ತಾ? ಪೋಷಕರ ಸಭೆಗೆ ಮುಂಚೆ ತಿಳ್ಕೋಬೇಕು.

ಕೋರ್ಟ್ ಹಾಲ್:
ಕ್ರಿಮಿನಲ್ ಹೊಣೆ ಮಟ್ಟಿಗೆ ಆ ಸಹಿಗೆ ಕಾಸಿನ ಬೆಲೆ ಇಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸೋ ಪೋಕ್ಸೋ ಕಾಯ್ದೆ 2012ರ ಸೆಕ್ಷನ್ 19ರ ಪ್ರಕಾರ, ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ ಸೆಕ್ಷನ್ 21(1)ರಡಿ 6 ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ 21(2): 1 ವರ್ಷದವರೆಗೆ ಜೈಲು ಜೊತೆಗೆ ದಂಡ. ಏಜೆನ್ಸಿ ಡ್ರೈವರ್ ‘ಕೈಕೆಳಗಿನವನಾ’ ಅಂತ ವಕೀಲರು ವಾದ ಎಬ್ಬಿಸಬಹುದು. ಅದರಲ್ಲಿ ಗೆದ್ದರೂ 21(1)ರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ.
ಇನ್ನು ಪೋಕ್ಸೋ ನಿಯಮಗಳು 2020ರ ನಿಯಮ 3 ನೋಡಿ. ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿಗಳು ಸಿಬ್ಬಂದಿಯ ಪೊಲೀಸ್ ವೆರಿಫಿಕೇಷನ್ ಆಗಾಗ ಮಾಡಿಸಬೇಕು. ‘ಖಾಯಂ ಅಥವಾ ಗುತ್ತಿಗೆ’ ಅಂತ ಅಲ್ಲೇ ಬರೆದಿದೆ. ಸಭೆಯಲ್ಲಿ ಕೇಳಬೇಕಾದ್ದು ಇದನ್ನೇ: ವೆರಿಫಿಕೇಷನ್ ಕಾಗದ ತೋರಿಸಿ, ಯಾವ ತಾರೀಖಿನದು?

ಸಿವಿಲ್ ಸೈಡ್:
ಪರಿಹಾರದ ದಾರಿ ಬೇರೆ. ‘ಅಪರಾಧ ಮಾಡೋದು ಅವನ ಕೆಲಸವಲ್ಲ, ನಮಗೇನು ಸಂಬಂಧ’ ಅನ್ನೋದು ಮಾಲೀಕರ ಹಳೇ ವಾದ. ಬ್ರಿಟನ್ನಿನ ಆಗಿನ ಅತ್ಯುನ್ನತ ಕೋರ್ಟ್ ಹೌಸ್ ಆಫ್ ಲಾರ್ಡ್ಸ್ 2001ರಲ್ಲಿ, ಹಾಸ್ಟೆಲ್ ವಾರ್ಡನ್ ಮಕ್ಕಳ ಮೇಲೆ ದೌರ್ಜನ್ಯ ಎಸಗಿದ್ದ ಲಿಸ್ಟರ್ ಪ್ರಕರಣದಲ್ಲಿ ಅದನ್ನು ಒಪ್ಪಲಿಲ್ಲ. ಆ ವಾರ್ಡನ್‌ಗೆ ಮಕ್ಕಳನ್ನು ನೋಡಿಕೊಳ್ಳೋ ಕೆಲಸವನ್ನೇ ಒಪ್ಪಿಸಿದ್ದರಿಂದ ಸಂಸ್ಥೆಯೂ ಹೊಣೆ ಅಂತು. ನಮ್ಮ ಕೋರ್ಟುಗಳಿಗೆ ಅದು ಕಟ್ಟುಪಾಡಲ್ಲ, ವಾದಕ್ಕೆ ಬಲ ಅಷ್ಟೇ. ಡ್ರೈವರ್ ಗುತ್ತಿಗೆಯವನಾದರೆ ಶಾಲೆಯ ಸ್ವಂತ ನಿರ್ಲಕ್ಷ್ಯವನ್ನೇ ಹಿಡೀಬೇಕು: ವೆರಿಫಿಕೇಷನ್ ಇಲ್ಲ, ವ್ಯಾನಲ್ಲಿ ಆಯಾ ಇಲ್ಲ, ಹಿಂದಿನ ದೂರು ಮೂಲೆಗೆ ಹಾಕಿದ್ದು.
ಪೋಕ್ಸೋ ವಿಶೇಷ ಕೋರ್ಟ್ ಕೊಡಿಸೋ ಮಧ್ಯಂತರ ಪರಿಹಾರ ಸರ್ಕಾರದ ದುಡ್ಡು. ಅದು ಶಾಲೆ ಕೊಟ್ಟದ್ದಲ್ಲ, ಗೊಂದಲ ಮಾಡ್ಕೋಬೇಡಿ.

ಬನಶಂಕರಿ ಪೋಷಕ:
ಶಾಲೆ ‘ಮೊದಲು ನಾವೇ ವಿಚಾರಿಸ್ತೀವಿ’ ಅಂದರೆ?

ಕೋರ್ಟ್ ಹಾಲ್:
ಕೇಸು ಕೆಡೋದು ಸಾಮಾನ್ಯವಾಗಿ ಅಲ್ಲೇ. ಪ್ರಿನ್ಸಿಪಾಲ್, ಕೌನ್ಸೆಲರ್, ಟ್ರಸ್ಟಿ ಒಬ್ಬೊಬ್ಬರಾಗಿ ಕೇಳಿದ್ದನ್ನೇ ಕೇಳಿದರೆ ಮಗುವಿನ ಮಾತು ಒಂದೊಂದು ಸಲ ಒಂದೊಂದು ಥರ ಆಗುತ್ತೆ, ಆರೋಪಿ ಕಡೆಯವರಿಗೆ ಅಷ್ಟು ಸಾಕು. ಮಗು ತಾನಾಗಿ ಹೇಳಿದ್ದನ್ನು ಅದರ ಮಾತಲ್ಲೇ ಬರೆದಿಟ್ಟು, ಸಮಯ ನಮೂದಿಸಿ. ಹತ್ತಿರದ ಠಾಣೆಗೆ ಹೋಗಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಘಟನೆ ನಡೆದ ಜಾಗ ಬೇರೆ ಠಾಣೆಗೆ ಸೇರಿದ್ದರೂ ಝೀರೋ ಎಫ್‌ಐಆರ್ ಆಗುತ್ತೆ. ಹೇಳಿಕೆಗೆ ಮಗುವನ್ನು ಠಾಣೆಗೆ ಕರೆಸಬೇಕಿಲ್ಲ. ಮನೆಯಲ್ಲೇ, ಸಾಧ್ಯವಾದಷ್ಟು ಮಹಿಳಾ ಎಸ್‌ಐ, ಸಮವಸ್ತ್ರ ಹಾಕದೆ ಬಂದು ಬರೆದುಕೊಳ್ಳಬೇಕು (ಸೆಕ್ಷನ್ 24).

ಸಿವಿಲ್ ಸೈಡ್:
ಸಿಸಿಟಿವಿ ದೃಶ್ಯ ಉಳಿಸಿಡಿ ಅಂತ ಶಾಲೆಗೂ ಅದೇ ದಿನ ಲಿಖಿತ ಪತ್ರ ಕೊಡಿ. ದೃಶ್ಯ ಸೇವ್ ಆಗೋ ಡಿವಿಆರ್ ಪೆಟ್ಟಿಗೆಯ ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೇ ಹೊಸದು ರೆಕಾರ್ಡ್ ಆಗುತ್ತೆ. ವ್ಯಾನ್ ಜಿಪಿಎಸ್, ಟ್ರಿಪ್ ಶೀಟ್, ಗೇಟ್ ರಿಜಿಸ್ಟರ್ ಹೆಸರೂ ಪತ್ರದಲ್ಲಿರಲಿ. ಮಗುವಿನ ಹೆಸರು ಮಾತ್ರ ಪೋಷಕರ ವಾಟ್ಸಾಪ್ ಗ್ರೂಪಿಗೆ ಹೋಗಬಾರದು.