ಪ್ರಕೃತಿಯಲ್ಲಿ ಅಧ್ಯಾತ್ಮ: ರೊಮ್ಯಾಂಟಿಕ್ ಕವಿಗಳನ್ನು ಎಲ್ಲಿಂದ, ಹೇಗೆ ಓದಬೇಕು?

ನೇಸರ (ಪ್ರಶ್ನೆ):

ಇಂಗ್ಲಿಷ್ ರೊಮ್ಯಾಂಟಿಕ್ ಕವಿಗಳು ಪ್ರಕೃತಿಯಲ್ಲಿ ದೈವವನ್ನು ಕಂಡರು ಅಂತ ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಕವಿತೆ ಹಿಡಿದು ಕೂತರೆ ಹೂವು, ಹೊಳೆ, ಗುಡ್ಡದ ವರ್ಣನೆ ಬರುತ್ತದೆ, ಆಮೇಲೆ ಒಮ್ಮೆಲೇ ಒಂದು ದೊಡ್ಡ ಮಾತು. ನಡುವೆ ಏನಾಯಿತು ಅನ್ನುವುದೇ ಕೈಗೆ ಸಿಗುವುದಿಲ್ಲ. ಪರೀಕ್ಷೆಗಲ್ಲದೆ ಮನಸ್ಸಿಗಾಗಿ ಓದುವವರು ಯಾವ ಕವಿತೆಯಿಂದ ಶುರುಮಾಡಬೇಕು? ಓದಿದ್ದು ನಮ್ಮ ಕಾಡು, ಹೊಳೆಗಳ ಮುಂದೆ ನಿಂತಾಗ ಉಪಯೋಗಕ್ಕೆ ಬರುತ್ತದೆಯೇ?

ಹೊಳೆದಂಡೆ:

ವರ್ಡ್ಸ್‌ವರ್ತ್ 1798ರ ಜುಲೈನಲ್ಲಿ ಬರೆದ ‘ಟಿಂಟರ್ನ್ ಆಬಿ’ಯಿಂದ ಶುರುಮಾಡಿ. ಸುಮಾರು 160 ಸಾಲು, ಅಂತ್ಯಪ್ರಾಸವಿಲ್ಲ, ಗಟ್ಟಿಯಾಗಿ ಓದಿದರೆ ಹತ್ತು ನಿಮಿಷ. ಮೊದಲ ಸಲ ನಿಘಂಟು ಮುಟ್ಟಬೇಡಿ. ಸಾಲು ಮುಗಿದಲ್ಲಿ ನಿಲ್ಲದೆ, ವಿರಾಮಚಿಹ್ನೆ ಇದ್ದಲ್ಲಿ ಮಾತ್ರ ಉಸಿರು ತೆಗೆದುಕೊಳ್ಳಿ. ಇವನ ವಾಕ್ಯಗಳು ಐದಾರು ಸಾಲು ಹರಿಯುತ್ತವೆ. ಪ್ರತಿ ಸಾಲಿಗೂ ನಿಂತರೆ ಅರ್ಥವೂ ಲಯವೂ ತುಂಡಾಗುತ್ತವೆ.

ನೀವು ಕೇಳಿದ ‘ನಡುವೆ ಏನಾಯಿತು’ ಎಂಬುದಕ್ಕೆ ಉತ್ತರ 22ರಿಂದ 49ನೇ ಸಾಲಿನೊಳಗಿದೆ. ಅದಕ್ಕೆ ಮುಂಚಿನದೆಲ್ಲ ಕಂಡದ್ದು, ಕೇಳಿದ್ದು: ವೈ ನದಿಯ ಸದ್ದು, ಕಡಿದಾದ ಬಂಡೆ, ಕಾಯಿ ಇನ್ನೂ ಹಣ್ಣಾಗದ ತೋಟ, ಮನೆಬಾಗಿಲವರೆಗೂ ಹಬ್ಬಿದ ಹಸಿರು. ಆಮೇಲೆ ಕವಿ ನದಿಯನ್ನು ಬಿಟ್ಟು ಪೇಟೆಯ ಗದ್ದಲದ ನಡುವಿನ ಒಂಟಿ ಕೋಣೆಗೆ ಹೋಗುತ್ತಾನೆ. ಅವನು ಈ ನದಿಗೆ ಮರಳಿ ಬಂದದ್ದು ಐದು ವರ್ಷದ ಮೇಲೆ; ಅಷ್ಟೂ ಕಾಲ ಈ ನೋಟ ಅಲ್ಲಿ ನೆನಪಾಗಿದ್ದು ಏನೇನು ಮಾಡಿತು ಅಂತ ಹೇಳುತ್ತಾನೆ. ಕ್ರಮ ಗಮನಿಸಿ. ನೆನಪು ಮೊದಲು ರಕ್ತದಲ್ಲಿ ತಿಳಿಯುತ್ತದೆ, ಆಮೇಲೆ ಎದೆಯಲ್ಲಿ, ಆಮೇಲೆ ಮನಸ್ಸಿನಲ್ಲಿ. ಅಲ್ಲಿಂದ, ಮಾಡಿದವರಿಗೇ ನೆನಪಿರದ ಸಣ್ಣಪುಟ್ಟ ಉಪಕಾರಗಳು. ಕೊನೆಗೆ ಉಸಿರೂ ರಕ್ತದ ಓಟವೂ ಹೆಚ್ಚುಕಮ್ಮಿ ನಿಂತಂತಾಗಿ, ಕಣ್ಣು ತಣ್ಣಗಾಗಿ, ವಸ್ತುಗಳ ಒಳಜೀವ ಕಾಣುವ ಸ್ಥಿತಿ. ಧ್ಯಾನದ ಅಭ್ಯಾಸ ಇರುವವರಿಗೆ ಈ ಹಂತಗಳ ಗುರುತು ಹತ್ತುತ್ತದೆ.

ಅಷ್ಟು ಹೇಳಿದವನು ಅದರ ಬೆನ್ನಿಗೇ ‘ಇದು ಬರಿಯ ಭ್ರಮೆಯಿದ್ದರೂ’ ಎಂಬ ಅನುಮಾನ ತೆಗೆಯುತ್ತಾನೆ. ಎರಡನೇ ಓದಿನಲ್ಲಿ ಇಂಥ ಅಳುಕಿನ ಮಾತು ಬಂದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ಗೈಡುಗಳು 93ರಿಂದ 102ರವರೆಗಿನ ಸಾಲುಗಳನ್ನಷ್ಟೇ ಕಿತ್ತು ಕೊಡುತ್ತವೆ: ಮುಳುಗುವ ಸೂರ್ಯ, ಕಡಲು, ಗಾಳಿ, ಆಕಾಶ ಎಲ್ಲದರಲ್ಲೂ ನೆಲೆಸಿದ ಒಂದು ಚೈತನ್ಯ. ಆ ಐದು ವರ್ಷ, ಆ ಅನುಮಾನ ಎರಡನ್ನೂ ಬಿಟ್ಟು ಓದಿದರೆ ಅದು ಪ್ರವಚನವಾಗಿಬಿಡುತ್ತದೆ. ಆ ಚೈತನ್ಯದ ನೆಲೆಗಳ ಪಟ್ಟಿ ಮುಗಿಯುವುದು ಮನುಷ್ಯನ ಮನಸ್ಸಿನಲ್ಲಿ ಎಂಬುದನ್ನೂ ನೋಡಿ. ದೇವರು ಅನ್ನುವ ಹೆಸರನ್ನು ಕವಿತೆ ಎಲ್ಲೂ ಎತ್ತುವುದಿಲ್ಲ.

ಮುಗಿಲು:

ಅಷ್ಟುದ್ದ ಭಾರ ಎನಿಸಿದರೆ ಕೋಲ್‌ರಿಜ್‌ನ ‘ದಿಸ್ ಲೈಮ್-ಟ್ರೀ ಬೋವರ್ ಮೈ ಪ್ರಿಸನ್’ ಹಿಡಿಯಿರಿ. 1797ರದು, 76 ಸಾಲು. ಕಾಲಿನ ಮೇಲೆ ಕುದಿಯುವ ಹಾಲು ಚೆಲ್ಲಿ ಕವಿ ಮನೆಯಲ್ಲೇ ಉಳಿಯಬೇಕಾಯಿತು. ಚಾರ್ಲ್ಸ್ ಲ್ಯಾಂಬ್ ಮೊದಲಾದ ಗೆಳೆಯರು ಸುತ್ತಾಡಲು ಹೋದರು. ಲಿಂಡೆನ್ ಮರಗಳ ನೆರಳಲ್ಲಿ ಕೂತು ಕವಿ ಮನಸ್ಸಿನಲ್ಲೇ ಅವರ ಹಿಂದೆ ಹೋಗುತ್ತಾನೆ: ಮೊದಲು ಬಿಸಿಲೇ ಬೀಳದ ತೇವದ ಕಮರಿ, ಆಮೇಲೆ ಕಡಲು ಕಾಣುವ ಎತ್ತರ, ಆಮೇಲೆ ಸಂಜೆಯ ಬೆಳಕು. ಗೆಳೆಯನ ಖುಷಿಯನ್ನು ನೆನೆದಾಗ ತಟ್ಟನೆ ಇವನಿಗೂ ಖುಷಿ ಬರುತ್ತದೆ. ಆಗ ಮಾತ್ರ ತಾನು ಕೂತ ಜಾಗವೇ ಕಣ್ಣಿಗೆ ಬೀಳುತ್ತದೆ. ಬಿಸಿಲು ಬಿದ್ದ ಒಂದು ಅಗಲ ಎಲೆ, ಅದರ ಮೇಲೆ ಮೇಲಿನ ಎಲೆಯದೂ ತೊಟ್ಟಿನದೂ ನೆರಳು. ಇನ್ನೊಬ್ಬರ ಸಂತೋಷದ ಮೂಲಕ ಹಾದು ಬಂದ ಕಣ್ಣಿಗೇ ಆ ಎಲೆ ಕಂಡದ್ದು. ಫ್ಲ್ಯಾಟಿನಲ್ಲಿ ಕೂತು ಓದುವವರಿಗೆ ಇದಕ್ಕಿಂತ ಹತ್ತಿರದ ಕವಿತೆ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಇದರ ಜೊತೆಗೇ ಅವನದೇ 1802ರ ‘ಡಿಜೆಕ್ಷನ್’ ಓದಲೇಬೇಕು. ಅಲ್ಲಿ ಚಂದ್ರ, ನಕ್ಷತ್ರ ಎಲ್ಲ ಕಾಣುತ್ತವೆ, ಚೆಂದವೂ ಹೌದು, ಆದರೆ ಒಳಗೆ ಏನೂ ತಟ್ಟುವುದಿಲ್ಲ. ನಾವು ಕೊಟ್ಟದ್ದನ್ನೇ ಪ್ರಕೃತಿಯಿಂದ ಪಡೆಯುತ್ತೇವೆ ಎಂಬ ಕಹಿ ತಿಳಿವಳಿಕೆ ಅದು. ಗುಡ್ಡ ಹತ್ತಿದರೆ ಸಾಕು, ಶಾಂತಿ ತಾನಾಗಿ ಬರುತ್ತದೆ ಎಂದುಕೊಂಡು ಹೋದವರು ಬರಿಗೈಲಿ ಇಳಿದು ಬರುವುದು ಯಾಕೆಂದು ಅಲ್ಲಿ ತಿಳಿಯುತ್ತದೆ.

ಕಾಡುದಾರಿ:

ಒಂದು ಎಚ್ಚರಿಕೆ. ಇಂಗ್ಲಿಷ್ ಲೇಖಕ ಆಲ್ಡಸ್ ಹಕ್ಸ್‌ಲಿ 1929ರಲ್ಲೇ ಕೇಳಿದ್ದ: ಉಷ್ಣವಲಯದ ಕಾಡಿನಲ್ಲಿ ವರ್ಡ್ಸ್‌ವರ್ತ್‌ನ ಪ್ರಕೃತಿ ಉಳಿದೀತೇ? ಪ್ರಶ್ನೆ ನ್ಯಾಯವಾದದ್ದು. ಬೇಲಿ ಹಾಕಿ ಪಳಗಿಸಿದ ನಾಡಿನ ಕವಿತೆಯನ್ನು ಜಿಗಣೆ ಹತ್ತುವ ಮಲೆನಾಡಿನ ಮಳೆಗಾಲದ ಮೇಲೆ ಹಾಗೇ ಹೊದಿಸಲಾಗದು. ಆದರೆ ಕುವೆಂಪು ಅದನ್ನು ಹಾಗೇ ಹೊದಿಸಲಿಲ್ಲ. ಮೊದಲು ಇಂಗ್ಲಿಷಿನಲ್ಲಿ ಬರೆಯುತ್ತಿದ್ದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮಾತಿನಿಂದ ಕನ್ನಡಕ್ಕೆ ತಿರುಗಿದರು. ಕಾಡಿನ ಭಯ, ಕತ್ತಲು, ಮಳೆಯ ಆರ್ಭಟ ಎಲ್ಲವನ್ನೂ ಒಳಗೆ ಬಿಟ್ಟುಕೊಂಡರು. ‘ದೇವರು ರುಜು ಮಾಡಿದನು’ ತೆಗೆದು ನೋಡಿ. ತುಂಗೆ, ಸಿಬ್ಬಲುಗುಡ್ಡೆಯ ಕಾಡು, ಸಾಲಾಗಿ ಹಾರುವ ಬೆಳ್ಳಕ್ಕಿ ಎಲ್ಲ ಕಣ್ಣೆದುರು ನಿಂತಿರುವುದರಿಂದಲೇ ರುಜುವಿನ ಮಾತು ನಂಬಿಕೆಯಾಗುತ್ತದೆ. ಬೇಂದ್ರೆಯವರ ‘ಬೆಳಗು’ ಕೂಡ ಹಾಗೇ: ಬೆಳಕು, ಗಾಳಿ, ಹಕ್ಕಿ, ಇಬ್ಬನಿ ಎಲ್ಲ ಬಂದಾದ ಮೇಲೆಯೇ ಇದು ಬರಿ ಬೆಳಗಲ್ಲ ಎನ್ನುವುದು. ಟಿಂಟರ್ನ್ ಓದಿದ ವಾರದಲ್ಲೇ ಇವೆರಡನ್ನೂ ಓದಿ.

ಹೊರಗೆ ಹೋದಾಗ ಪುಸ್ತಕ ಒಯ್ಯಬೇಡಿ. ಒಂದೇ ಜಾಗಕ್ಕೆ ಬೇರೆ ಬೇರೆ ಋತುವಿನಲ್ಲಿ ಹೋಗಿ, ಅರ್ಧ ಗಂಟೆ ಸುಮ್ಮನೆ ಕೂತು, ಮನೆಗೆ ಬಂದ ಮೇಲೆ ಕಂಡದ್ದನ್ನಷ್ಟೇ ಬರೆಯಿರಿ, ಅನಿಸಿದ್ದನ್ನು ಬೇಡ. ವರ್ಡ್ಸ್‌ವರ್ತ್‌ನ ತಂಗಿ ಡೊರೊಥಿ ಡ್ಯಾಫೊಡಿಲ್ ಹೂಗಳನ್ನು 1802ರ ಏಪ್ರಿಲ್ 15ರ ದಿನಚರಿಯಲ್ಲಿ ಹೀಗೇ ಬರೆದಿಟ್ಟಳು: ಕೆಲವು ಹೂಗಳು ದಣಿದು ಕಲ್ಲಿನ ಮೇಲೆ ತಲೆಯಿಟ್ಟಂತಿದ್ದವು. ಅಣ್ಣನ ಕವಿತೆ ಬಂದದ್ದು ಎರಡು ವರ್ಷ ಕಳೆದು.

ನೇಸರ:

ತುಂಬಾ ಧನ್ಯವಾದಗಳು. ವರ್ಡ್ಸ್‌ವರ್ತ್ ತನ್ನ ಬದುಕಿನ ಬಗ್ಗೆಯೇ ಬರೆದ ದೀರ್ಘ ಕವಿತೆ ‘ಪ್ರಿಲ್ಯೂಡ್’ಗೆ ಎರಡು ಪಾಠಗಳಿವೆಯಲ್ಲ, ಯಾವುದನ್ನು ಓದಲಿ?

ಹೊಳೆದಂಡೆ:

1805ರ ಪಾಠ, 13 ಭಾಗಗಳದ್ದು. ಕವಿ ತೀರಿಕೊಂಡ ಮೇಲೆ 1850ರಲ್ಲಿ ಅಚ್ಚಾದ 14 ಭಾಗಗಳ ಪಾಠದಲ್ಲಿ ಮುಪ್ಪಿನ ತಿದ್ದುಪಡಿಗಳಿವೆ. ಕ್ರೈಸ್ತ ಭಕ್ತಿಯ ಮಾತು ಹೆಚ್ಚಿದೆ, ಅನುಭವದ ಬಿಸಿ ಕಡಿಮೆಯಾಗಿದೆ. ಮೊದಲಿಂದ ಕೊನೆವರೆಗೆ ಒಟ್ಟಿಗೆ ಓದಬೇಕಿಲ್ಲ. ಮೊದಲ ಭಾಗದ ದೋಣಿ ಪ್ರಸಂಗ ಸಾಕು. ಹುಡುಗ ಸಂಜೆ ಯಾರದೋ ದೋಣಿ ಬಿಚ್ಚಿಕೊಂಡು, ದಡದ ಗುಡ್ಡದ ಏಣೊಂದರ ತುದಿಗೆ ಕಣ್ಣುನೆಟ್ಟು ಹುಟ್ಟು ಹಾಕುತ್ತಾನೆ. ಹುಟ್ಟು ಹಾಕುವವನ ಮುಖ ಬಿಟ್ಟುಬಂದ ದಡದ ಕಡೆಗಿರುತ್ತದೆ. ದೂರ ಸರಿದಂತೆ ಆ ಏಣಿನ ಹಿಂದೆ ಮರೆಯಾಗಿದ್ದ ಎತ್ತರದ ಕರಿ ಶಿಖರ ಮೇಲೇಳುತ್ತದೆ. ಜೋರಾಗಿ ಹುಟ್ಟು ಹಾಕಿದಷ್ಟೂ ಇನ್ನಷ್ಟು ಬೆಳೆದು, ಬೆನ್ನಟ್ಟಿ ಬಂದಂತೆ ಕಾಣುತ್ತದೆ. ಕಾರಣ ಬರಿ ಕೋನದ್ದು, ಕವಿ ಅದನ್ನು ಮುಚ್ಚಿಡುವುದಿಲ್ಲ. ಆದರೂ ಹುಡುಗ ನಡುಗುತ್ತ ದೋಣಿ ತಿರುಗಿಸಿ ತಂದು ಇದ್ದಲ್ಲೇ ಬಿಡುತ್ತಾನೆ. ಮುಂದೆ ಎಷ್ಟೋ ದಿನ ಅವನ ತಲೆಯೊಳಗೆ ಪರಿಚಿತ ಮರ, ಕಡಲು, ಆಕಾಶ, ಹೊಲದ ಹಸಿರು ಯಾವುದೂ ಉಳಿಯುವುದಿಲ್ಲ. ಆ ಸುಮಾರು ನಲವತ್ತೈವತ್ತು ಸಾಲುಗಳನ್ನು ಒಂದೇ ಕೂರಿಕೆಯಲ್ಲಿ, ಗಟ್ಟಿಯಾಗಿ ಓದಿ.