ಪದಚರ್ಚೆ: ‘ಚಳಿ ಕಾಯಿಸು’ ಎಂದಾಗ ಕಾಯುವುದು ಯಾವುದು? ‘ಅಗ್ಗಿಷ್ಟಿಕೆ’ ಎಂದರೆ ಇಂದು ಏನು?

ಮಾನ್ಯರೇ,

ಡೆಂಕಣಿಕೋಟೆಯ ಹತ್ತಿರ ನನ್ನದೊಂದು ಸಣ್ಣ ಮರಗೆಲಸದ ಶೆಡ್ಡು ಇದೆ. ಹೊಸೂರು, ತಳಿ, ಡೆಂಕಣಿಕೋಟೆಗಳ ಈ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ, ತಮಿಳುನಾಡೆಂದರೆ ಸೆಕೆ ಎಂದುಕೊಂಡು ಬಂದವರು ಧನುರ್ಮಾಸದ ಬೆಳಗಿನಲ್ಲಿ ಇಲ್ಲಿ ನಡುಗುತ್ತಾರೆ. ಮೇಲೆ ತಗಡಿನ ಶೀಟು, ಕೆಳಗೆ ಸಿಮೆಂಟು ನೆಲ. ಬೆಳಗ್ಗೆ ಏಳು ಗಂಟೆಗೆ ಉಳಿ ಹಿಡಿದರೆ ಬೆರಳು ಮಡಚುವುದಿಲ್ಲ. ಅದನ್ನಾದರೂ ಸಹಿಸಬಹುದು; ಆದರೆ ತಣ್ಣಗಿರುವ ಹಲಗೆಗೆ ಹಚ್ಚಿದ ಬಿಳಿ ಗೋಂದು ಸರಿಯಾಗಿ ಹಿಡಿಯದೆ ಸುಣ್ಣದ ಪುಡಿಯಂತೆ ಬೆಳ್ಳಗಾಗುತ್ತದೆ, ತೇವದ ಗಾಳಿಯಲ್ಲಿ ಹೊಡೆದ ಪಾಲಿಶ್ ಮಂಜು ಕವಿದಂತೆ ಮಸುಕಾಗುತ್ತದೆ. ಆದ್ದರಿಂದ ಈ ವರ್ಷ ಕಡಿಮೆ ಖರ್ಚಿನಲ್ಲಿ ಶೆಡ್ಡಿಗೆ ಏನಾದರೂ ಏರ್ಪಾಡು ಮಾಡಿ, ಅದರ ಬಳಕೆಯ ಬಗ್ಗೆ ಒಂದು ಸೂಚನಾಪತ್ರವನ್ನು ಗೋಡೆಗೆ ಅಂಟಿಸಬೇಕೆಂದು ಹೊರಟೆ. ಕೆಲಸದವರಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಮನೆಮಾತಿನವರಿದ್ದಾರೆ. ತೊಡಕು ಎದುರಾದದ್ದು ಕನ್ನಡದ ಪ್ರತಿಯಲ್ಲಿ.

‘ಶೆಡ್ಡನ್ನು ಬಿಸಿ ಮಾಡುವ ಕ್ರಮ’ ಎಂದು ಶೀರ್ಷಿಕೆ ಬರೆದು ಓದಿ ಹೇಳಿದಾಗ ನಮ್ಮ ಹಿರಿಯ ಮೇಸ್ತ್ರಿ, “ಶೆಡ್ಡೇನು ನೆನ್ನೆ ಸಾರೇನಪ್ಪಾ, ಬಿಸಿ ಮಾಡೋಕೆ?” ಎಂದು ನಕ್ಕರು. ಅವರ ಕಿವಿಯೇ ಸರಿ. ನಾವು ಬಿಸಿ ಮಾಡುವುದು ನೀರನ್ನು, ಅನ್ನವನ್ನು. ಕಾಯಿಸುವುದು ಹಾಲನ್ನು, ಎಣ್ಣೆಯನ್ನು, ಹೆಂಚನ್ನು. ಮನೆ ಮಾತ್ರ ‘ಬೆಚ್ಚಗಿರುತ್ತದೆ’. ಮುಟ್ಟಿದರೆ ಕೈಗೆ ತಾಗುವಷ್ಟಿದ್ದರೆ ಬಿಸಿ, ಮೈಗೆ ಹಿತವಾಗುವಷ್ಟಿದ್ದರೆ ಬೆಚ್ಚಗೆ ಎಂಬ ಅಂತರವನ್ನು ಮಾತು ಬಲ್ಲವರು ಯೋಚಿಸದೆಯೇ ಪಾಲಿಸುತ್ತಾರೆ. ಆದರೆ ‘ಬೆಚ್ಚಗಾಗಿಸು’ ಎಂಬ ಪ್ರೇರಣಾರ್ಥಕ ರೂಪ ಬರವಣಿಗೆಯಲ್ಲಷ್ಟೇ ಬದುಕಿದೆ, ಬಾಯಲ್ಲಿಲ್ಲ. ಬಾಯಲ್ಲಿರುವುದು ‘ಬೆಚ್ಚಗಿಡು’. ಇದು ಹೊಸದಾಗಿ ಕಾವು ಹುಟ್ಟಿಸುವ ಮಾತಲ್ಲ, ಇರುವ ಕಾವನ್ನು ಸೋರದಂತೆ ಹಿಡಿದಿಡುವ ಮಾತು. ಶೀಟಿಗೂ ಗೋಡೆಗೂ ನಡುವಿನ ಸಂದಿಗೆ ಗೋಣಿತಟ್ಟು ತುರುಕಿ, ಬಾಗಿಲಿಗೆ ದಪ್ಪ ಪರದೆ ಇಳಿಬಿಟ್ಟು, ತಗಡಿನ ಕೆಳಗೆ ಥರ್ಮೋಕೋಲ್ ಹಲಗೆ ಹೊಡೆದರೆ ಆಗುವ ಕೆಲಸವೆಲ್ಲ ಈ ಒಂದು ಕ್ರಿಯಾಪದದೊಳಗೆ ಅಡಗಿದೆ. ಹಣ ಉಳಿಯುವುದೂ ಹೆಚ್ಚಾಗಿ ಇಲ್ಲಿಯೇ.

ಇನ್ನು ‘ಚಳಿ ಕಾಯಿಸು’. ಹಾಲು ಕಾಯಿಸಿದರೆ ಹಾಲು ಕಾಯುತ್ತದೆ. ಚಳಿ ಕಾಯಿಸಿದರೆ ಚಳಿ ಕಾಯುವುದಿಲ್ಲ, ಮೈ ಕಾಯುತ್ತದೆ. ‘ಬೆಂಕಿ ಕಾಯಿಸಿಕೊಂಡ’, ‘ಬಿಸಿಲು ಕಾಯಿಸಿಕೊಂಡ’ ಎನ್ನುವಾಗ ಕರ್ಮದ ಜಾಗದಲ್ಲಿ ಕಾವಿನ ಮೂಲವಿದೆ. ಇಲ್ಲಿಯಾದರೋ ಕಳೆಯಬೇಕಾದ ವಸ್ತುವೇ ಕರ್ಮವಾಗಿ ಕೂತಿದೆ. ಇದು ಕನ್ನಡದ ಒಂಟಿ ವಿಚಿತ್ರವೂ ಅಲ್ಲ. ನಮ್ಮ ಶೆಡ್ಡಿನಲ್ಲೇ ತಮಿಳಿನವರು ‘ಕುಳಿರ್ ಕಾಯ್’ ಎನ್ನುತ್ತಾರೆ, ತೆಲುಗಿನವರು ‘ಚಲಿ ಕಾಚುಕೊನು’ ಎನ್ನುತ್ತಾರೆ. ಮೂರು ಭಾಷೆಗಳೂ ಒಂದೇ ಅಚ್ಚಿನಲ್ಲಿ ಈ ನುಡಿಗಟ್ಟನ್ನು ಎರಕ ಹೊಯ್ದಿರುವುದನ್ನು ನೋಡಿದರೆ ಇದು ಬಹಳ ಹಳೆಯದಿರಬೇಕು ಎನ್ನಿಸುತ್ತದೆ. ‘ಬಾಗಿಲು ಕಾಯು’ ಎಂಬಲ್ಲಿನ ‘ಕಾಯು’ ಬೇರೆಯೇ ಧಾತು ಎಂದು ನಾನು ತಿಳಿದಿದ್ದೇನೆ. ಚಳಿಯನ್ನು ಕಾವಲು ನಿಂತು ತಡೆಯುವುದು ಎಂಬ ವಿವರಣೆಯನ್ನು ಒಬ್ಬರು ಮುಂದಿಟ್ಟರು. ಜಾಣತನವಿದೆ, ಆದರೆ ಒಪ್ಪಲು ಮನಸ್ಸು ಬರುವುದಿಲ್ಲ.

ನನ್ನ ಸೂಚನಾಪತ್ರಕ್ಕೆ ಈ ಭೇದ ಬರಿಯ ವ್ಯಾಕರಣವಲ್ಲ. 2000 ವ್ಯಾಟ್‌ನ ಹೀಟರ್ ಐದು ಗಂಟೆ ಉರಿದರೆ ಹತ್ತು ಯೂನಿಟ್ಟು ವಿದ್ಯುತ್ತು ಖರ್ಚು. ಅದು ಗಾಳಿಯನ್ನು ಬಿಸಿ ಮಾಡುವ ಬಗೆಯದಾದರೆ ಆ ಗಾಳಿ ನೇರವಾಗಿ ತಗಡಿಗೆ ಏರಿ, ತಗಡು ಆಕಾಶಕ್ಕೆ ದಾನ ಮಾಡುತ್ತದೆ. ಕೆಂಪಗೆ ಕಾಯುವ ಸರಳಿನ ಹೀಟರನ್ನು ಕೆಲಸದ ಮೇಜಿನ ಕಡೆಗೆ ತಿರುಗಿಸಿಟ್ಟರೆ, ಗಾಳಿ ತಣ್ಣಗಿದ್ದರೂ ಎದುರಿಗಿದ್ದವನ ಮೈಗೆ ಕಾವು ತಾಗುತ್ತದೆ. ಮೊದಲನೆಯದು ಶೆಡ್ಡನ್ನು ಬಿಸಿ ಮಾಡುವುದು, ಎರಡನೆಯದು ಚಳಿ ಕಾಯಿಸುವುದು. ಹಾಗಾದರೆ ಎರಡನೆಯ ಬಗೆಯ ಹೀಟರಿಗೆ ‘ಚಳಿ ಕಾಯಿಸುವ ಹೀಟರ್’ ಎಂದು ಬರೆದರೆ ಓದುಗರಿಗೆ ವ್ಯತ್ಯಾಸ ಹೊಳೆದೀತೇ?

ಗೋಂದು ಹಚ್ಚಿದ ತುಂಡುಗಳಿಗೆ ಬೇರೆ ಉಪಾಯ ಮಾಡಿದ್ದೇನೆ. ಪ್ಲೈವುಡ್ಡಿನ ಪೆಟ್ಟಿಗೆಯೊಂದರೊಳಗೆ, ಮರಕ್ಕೆ ತಾಗದಂತೆ, 100 ವ್ಯಾಟ್‌ನ ಹಳೆಯ ತಂತಿಬಲ್ಬನ್ನು ಉರಿಸಿಡುವುದು; ಹತ್ತು ಗಂಟೆಗೆ ಒಂದೇ ಯೂನಿಟ್ಟು. ಹುಡುಗರು ಇದಕ್ಕೆ ತಾವಾಗಿಯೇ ‘ಕಾವಿನ ಪೆಟ್ಟಿಗೆ’ ಎಂದು ಹೆಸರಿಟ್ಟು, ‘ಕುರ್ಚಿ ಕಾಲು ಕಾವಿಗೆ ಇಟ್ಟಿದ್ದೀನಿ’ ಎನ್ನುತ್ತಾರೆ. ಮೊಟ್ಟೆಗೆ ಸಲ್ಲುವ ಮಾತು ಕುರ್ಚಿಯ ಕಾಲಿಗೆ ಬಂದಿರುವುದು ನನಗೆ ಇಷ್ಟವಾಗಿದೆ. ಅದನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ.

ನಿಜವಾಗಿ ಕೇಳಬೇಕಾದ ಪ್ರಶ್ನೆ ‘ಅಗ್ಗಿಷ್ಟಿಕೆ’ಯದು. ಸಂಸ್ಕೃತದ ‘ಅಗ್ನಿಷ್ಠಿಕಾ’ದಿಂದ ಬಂದ ಈ ಪದದ ಮೂಲಾರ್ಥ ಕೆಂಡ ತುಂಬಿ ಬೇಕಾದಲ್ಲಿಗೆ ಒಯ್ಯಬಹುದಾದ ಪಾತ್ರೆ. (ಅಮರಕೋಶ ಇದೇ ವಸ್ತುವಿಗೆ ಅಂಗಾರಧಾನಿಕಾ, ಅಂಗಾರಶಕಟೀ ಎಂಬವುಗಳ ಜೊತೆಗೆ ‘ಹಸಂತೀ’, ಅಂದರೆ ನಗುವವಳು, ಎಂಬ ಹೆಸರನ್ನೂ ಹೇಳುತ್ತದೆ, ಕತ್ತಲಲ್ಲಿ ಕೆಂಡವನ್ನು ನೋಡಿದವರೇ ಇಟ್ಟ ಹೆಸರು.) ಆದರೆ ಅನುವಾದಗಳಲ್ಲಿ ತಣ್ಣನೆಯ ದೇಶಗಳ ಮನೆಗಳಿಗೆ ಗೋಡೆಯೊಳಗಿನ, ಹೊಗೆಗೂಡುಳ್ಳ ಒಲೆ ಬೇಕಾದಾಗಲೆಲ್ಲ ‘ಅಗ್ಗಿಷ್ಟಿಕೆ’ಯನ್ನೇ ಬಳಸಿ, ಇಂದು ಓದಿದವರ ಮನಸ್ಸಿನಲ್ಲಿ ಮೂಡುವುದು ಆ ಚಿತ್ರವೇ. ‘ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಅಗ್ಗಿಷ್ಟಿಕೆ ಇಡಬಾರದು’ ಎಂದು ನಾನು ಬರೆದ ಸಾಲನ್ನು ಓದಿದ ಹುಡುಗನೊಬ್ಬ, ಅದು ನಮ್ಮಲ್ಲಿಲ್ಲವಲ್ಲ ಎಂದು ಸುಮ್ಮನಾದ. ಮರುದಿನ ಬೆಳಗ್ಗೆ ಹಳೆಯ ಬಾಣಲೆಯಲ್ಲಿ ಇದ್ದಿಲ ಕೆಂಡ ತುಂಬಿ ಒಳಗಿಟ್ಟು ಬಾಗಿಲೆಳೆದುಕೊಂಡು ಕೂತಿದ್ದ. ಹೊಗೆ ಇರಲಿಲ್ಲ, ಆದ್ದರಿಂದ ಅಪಾಯವೂ ಇಲ್ಲವೆಂದು ಅವನ ಲೆಕ್ಕ. ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸಿಡಿದು, ವಾಕರಿಕೆ ಬಂದು, ಎಚ್ಚರ ತಪ್ಪುವವರೆಗೂ ಅದು ಗೊತ್ತಾಗದೆ ಹೋಗಬಹುದು. ಅವನಿಗೆ ತಲೆನೋವಿನಲ್ಲೇ ಮುಗಿಯಿತು.

ತಪ್ಪು ಹುಡುಗನದಲ್ಲ, ನಾನು ಆರಿಸಿದ ಪದದ್ದು. ಮೇಸ್ತ್ರಿ ಸೂಚಿಸುವುದು ‘ಕುಂಪಟಿ’. ತೆಲುಗಿನವರಿಗೆ ಅದೇ ರೂಪ, ತಮಿಳಿನವರಿಗೆ ‘ಕುಮ್ಮಟ್ಟಿ’. ಮೂವರಿಗೂ ಒಯ್ಯಬಹುದಾದ ಕೆಂಡದ ಒಲೆಯೇ ನೆನಪಾಗುತ್ತದೆ, ಗೋಡೆಯ ಒಲೆಯಲ್ಲ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದ ಇಲ್ಲಿನ ಚಿಕ್ಕ ವಯಸ್ಸಿನವರು ಅದನ್ನು ಕೇಳಿಯೇ ಇಲ್ಲ. ‘ಕೆಂಡದ ಬಾಣಲೆ’ ಎಂದು ವಸ್ತುವನ್ನೇ ಹೇಳಿಬಿಡುವುದು ಮೇಲೇನೋ ಎಂಬ ಅನುಮಾನವೂ ಇದೆ.

ಶೆಡ್ಡಿನಲ್ಲಿ ದಿನವೂ ಬೀಳುವ ಮರದ ಹೊಟ್ಟಿನಿಂದ ಉರಿಯುವ ‘ಹೊಟ್ಟಿನ ಒಲೆ’ಗೆ ಹೆಸರಿನ ಚಿಂತೆಯಿಲ್ಲ. ಅದರ ಹೊಗೆಯನ್ನು ಹೊರಗೊಯ್ಯುವ ತಗಡಿನ ಕೊಳವೆಯದೇ ಚಿಂತೆ. ‘ಚಿಮಣಿ’ ಎಂದರೆ ಬಡಗಣ ಕರ್ನಾಟಕದವರಿಗೆ ಸೀಮೆಎಣ್ಣೆ ಬುಡ್ಡಿ. ಆದ್ದರಿಂದ ‘ಹೊಗೆಕೊಳವೆ’ ಎಂದು ಬರೆದಿದ್ದೇನೆ.

ನಿಮ್ಮ ಊರಿನಲ್ಲಿ ಈಗಲೂ ಕೆಂಡದ ಪಾತ್ರೆಯ ಮುಂದೆ ಕೂತು ಚಳಿ ಕಾಯಿಸುವವರಿದ್ದರೆ, ಅವರು ಆ ಪಾತ್ರೆಗೆ ಏನೆನ್ನುತ್ತಾರೆ, ಇಪ್ಪತ್ತು ವರ್ಷದವರಿಗೂ ಆ ಹೆಸರು ತಿಳಿಯುತ್ತದೆಯೇ ಎಂಬುದನ್ನು ಊರಿನ ಹೆಸರಿನೊಂದಿಗೆ ದಯವಿಟ್ಟು ಬರೆಯಿರಿ. ಅಲ್ಲಿಯವರೆಗೆ ಗೋಡೆಯ ಮೇಲಿನ ಹಾಳೆಯಲ್ಲಿ ‘ಅಗ್ಗಿಷ್ಟಿಕೆ’ಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ ಬಾಣಲೆಯ ಚಿತ್ರ ಬರೆದಿಟ್ಟಿದ್ದೇನೆ.