ಹೆಚ್ಚು ದುಡ್ಡು ಸುರಿಯದೆ ಒಳ್ಳೆಯ ಹೆಡ್‌ಫೋನ್ ಆರಿಸೋದು ಹೇಗೆ?

ಮಂದ್ರಸ್ಥಾಯಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಿವಿ ಪೂರ್ತಿ ಮುಚ್ಚುವಂಥ ಹೆಡ್‌ಫೋನ್ ಬೇಕಾಗಿದೆ. ಬಳಕೆ ಮೂರು ಥರ: ರಾತ್ರಿ ಹಾಡು ಕೇಳೋದು, ವಿಡಿಯೊಗಳ ಧ್ವನಿ ಎಡಿಟ್ ಮಾಡೋದು, ಆಗಾಗ ಆನ್‌ಲೈನ್ ಮೀಟಿಂಗ್. ಕನ್ನಡಕ ಹಾಕ್ತೀನಿ, ಒಂದೇ ಸಲಕ್ಕೆ ಮೂರು ಗಂಟೆ ತಲೆ ಮೇಲೆ ಇರಬೇಕು. ಅದೇ ಕೋಣೆಯಲ್ಲಿ ಇನ್ನೊಬ್ಬರು ಮಲಗಿರ್ತಾರೆ. ಲ್ಯಾಪ್‌ಟಾಪಿನಲ್ಲಿ 3.5 ಎಂಎಂ ಜಾಕ್ ಇದೆ, ಫೋನಿನಲ್ಲಿ ಇಲ್ಲ.

ಡಬ್ಬಿ ಮೇಲೆ ಬರೆದಿರೋ ಅಂಕಿಗಳಲ್ಲಿ ಯಾವುದನ್ನು ನಂಬಬೇಕು? 50 ಎಂಎಂ ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) 40 ಎಂಎಂಗಿಂತ ಮೇಲೇ? 40,000 ಹರ್ಟ್ಸ್ ತನಕ ಅಂತ ಬರೆದಿದ್ದರೆ ಏನು ಲಾಭ? ಓಮ್ ಲೆಕ್ಕ ಹೇಗೆ ನೋಡಬೇಕು? ತೀರಾ ಅಗ್ಗದ್ದು ಬೇಡ, ಹಾಗಂತ ಹೆಸರಿಗೋಸ್ಕರ ಎರಡು ಪಟ್ಟು ಕೊಡೋಕೂ ಇಷ್ಟವಿಲ್ಲ.

ಶ್ರುತಿಪೆಟ್ಟಿಗೆ:

ನಿಮ್ಮ ಬಳಕೆಯೇ ಅರ್ಧ ಉತ್ತರ ಕೊಟ್ಟಿದೆ. ಪಕ್ಕದಲ್ಲಿ ಒಬ್ಬರು ಮಲಗಿರ್ತಾರೆ ಅಂದಮೇಲೆ ಓಪನ್ ಬ್ಯಾಕ್ ಬಿಟ್ಟುಬಿಡಿ. ಅದರ ಹಿಂಬದಿ ಜಾಲರಿಯಿಂದ ಹಾಡು ಹೊರಗೂ ಹೆಚ್ಚೂಕಮ್ಮಿ ಅಷ್ಟೇ ಕೇಳುತ್ತೆ. ಒಬ್ಬರೇ ಇರೋ ನಿಶ್ಶಬ್ದ ಕೋಣೆಯಾಗಿದ್ದರೆ ಅದನ್ನೇ ಹೇಳ್ತಿದ್ದೆ, ಯಾಕಂದ್ರೆ ಕಡಿಮೆ ಬೆಲೆಯಲ್ಲಿ ಸಹಜ ಧ್ವನಿ ಸಿಗೋದು ಓಪನ್ ಬ್ಯಾಕಿನಲ್ಲೇ. ನಿಮಗೆ ಹಿಂಬದಿ ಮುಚ್ಚಿರೋ ಕ್ಲೋಸ್ಡ್ ಬ್ಯಾಕ್, ವೈರ್ ಇರೋದು.

ಡ್ರೈವರಿನ ಅಳತೆ ಗುಣಮಟ್ಟದ ಸೂಚನೆ ಅಲ್ಲ. ಪೊರೆ ಯಾವುದರದ್ದು, ಬಟ್ಟಲಿನೊಳಗೆ ಗಾಳಿ ಹೇಗೆ ಆಡುತ್ತೆ, ಪ್ಯಾಡ್ ಎಷ್ಟು ದಪ್ಪ, ಇವೆಲ್ಲ ಸೇರಿ ಧ್ವನಿ ತಯಾರಾಗೋದು. ಎಷ್ಟೋ ಸ್ಟುಡಿಯೊಗಳಲ್ಲಿ ಇವತ್ತಿಗೂ ಓಡ್ತಿರೋ ಸೋನಿ ಎಂಡಿಆರ್-7506 ಬಂದದ್ದು 1991ರಲ್ಲಿ, ಅದರದ್ದು 40 ಎಂಎಂ ಡ್ರೈವರ್. ಇನ್ನು 40,000 ಹರ್ಟ್ಸ್: ಎಳೆಯ, ಆರೋಗ್ಯವಂತ ಕಿವಿಗೆ ಕೇಳೋದೇ ಸುಮಾರು 20ರಿಂದ 20,000 ಹರ್ಟ್ಸ್, ವಯಸ್ಸಾದಂತೆ ಮೇಲಿನ ತುದಿ ಇನ್ನೂ ಇಳಿಯುತ್ತೆ. ಅದೂ ಅಲ್ಲದೆ, ಎಷ್ಟು ಡೆಸಿಬೆಲ್ ಏರಿಳಿತದೊಳಗೆ ಅಲ್ಲಿಯವರೆಗೆ ಮುಟ್ಟುತ್ತೆ ಅಂತ ಹೇಳದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ. 10 ಹರ್ಟ್ಸ್ ಹತ್ತಿರ 20 ಡೆಸಿಬೆಲ್ ಬಿದ್ದುಹೋಗಿದ್ದರೂ "10 ಹರ್ಟ್ಸ್‌ನಿಂದ" ಅಂತ ಬರೆಯಬಹುದು.

ನೋಡಬೇಕಾದ್ದು ಫ್ರೀಕ್ವೆನ್ಸಿ ರೆಸ್ಪಾನ್ಸ್ ಗ್ರಾಫ್, ಅಂದರೆ ಯಾವ ಸ್ವರ ಎಷ್ಟು ಜೋರಾಗಿ ಬರುತ್ತೆ ಅಂತ ತೋರಿಸೋ ಗೆರೆ. ಅಳತೆ ಮಾಡಿ ಹಾಕೋರು ಆನ್‌ಲೈನಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಂದೇ ಜಾಗದ, ಒಂದೇ ಉಪಕರಣದ ಗ್ರಾಫ್‌ಗಳನ್ನು ಮಾತ್ರ ಪಕ್ಕಪಕ್ಕ ಇಟ್ಟು ನೋಡಿ. ಅಳತೆಯ ಕೃತಕ ಕಿವಿ ಬದಲಾದರೆ ಗೆರೆಯೂ ಬದಲಾಗುತ್ತೆ. ಗೆರೆ ನೇರವಾಗಿರಬೇಕು ಅಂತಲೂ ಇಲ್ಲ. ಹೊರಕಿವಿಯ ಆಕಾರದಿಂದಾಗಿ 3,000 ಹರ್ಟ್ಸ್ ಸುತ್ತ ಒಂದು ಏರು ಇರಲೇಬೇಕು, ಇಲ್ಲದಿದ್ದರೆ ಹಾಡುವವರು ಬಾಗಿಲ ಹಿಂದೆ ನಿಂತಂತೆ ಕೇಳುತ್ತೆ. ನೀವು ಹುಡುಕಬೇಕಾದ ತೊಂದರೆಗಳು ಎರಡು. 200-300 ಹರ್ಟ್ಸ್ ಹತ್ತಿರ ಉಬ್ಬಿದ್ದರೆ ಮಾತು ಗೊಗ್ಗರಾಗುತ್ತೆ. 6,000ದಿಂದ 9,000ದ ನಡುವೆ ಚೂಪಾದ ಶಿಖರ ಇದ್ದರೆ ಸ, ಶ, ಷ ಅಕ್ಷರಗಳು ಚುಚ್ಚುತ್ತವೆ. ಧ್ವನಿ ಎಡಿಟ್ ಮಾಡೋರಿಗೆ ಎರಡನೆಯದು ಬಹಳ ಕೆಡುಕು: ಹೆಡ್‌ಫೋನಿನ ತಪ್ಪನ್ನು ರೆಕಾರ್ಡಿಂಗಿನ ತಪ್ಪು ಅಂದ್ಕೊಂಡು ಟ್ರೆಬಲ್ (ಮೇಲಿನ ಸ್ವರ) ಕಡಿಯುತ್ತೀರಿ, ಬೇರೆಯವರಿಗೆ ನಿಮ್ಮ ವಿಡಿಯೊ ಮಂಕಾಗಿ ಕೇಳುತ್ತೆ.

ಬೆಲೆಯ ಮಾತಿಗೆ ಬಂದರೆ, 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂತು. 283 ಹೆಡ್‌ಫೋನ್, ಇಯರ್‌ಫೋನ್‌ಗಳನ್ನು ಅಳೆದು ನೋಡಿದರೆ ಫ್ರೀಕ್ವೆನ್ಸಿ ರೆಸ್ಪಾನ್ಸಿಗೂ ಮಾರಾಟದ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಬೆಲೆ ಏರಿದಾಗ ಸಾಮಾನ್ಯವಾಗಿ ಸಿಗೋದು ಒಳ್ಳೆಯ ಕಟ್ಟುವಿಕೆ, ಸಾಮಗ್ರಿ, ಹಗುರತನ, ಜೊತೆಗೆ ಕೊಡೋ ಪೆಟ್ಟಿಗೆ. ಇವು ಬೇಡ ಅಂತಲ್ಲ, ಆದರೆ ಧ್ವನಿ ಅಂದ್ಕೊಂಡು ಅವಕ್ಕೆ ದುಡ್ಡು ಕೊಡಬೇಡಿ.

ತಂತಿಬೆಸುಗೆ:

ಶ್ರುತಿಪೆಟ್ಟಿಗೆ ಅವರ ಮಾತಿಗೆ ಒಂದು ಸೇರಿಸ್ತೀನಿ: ರಿಪೇರಿ ಆಗುತ್ತಾ ಅಂತ ಮೊದಲೇ ನೋಡಿ. ಹೆಡ್‌ಫೋನಿನಲ್ಲಿ ಡ್ರೈವರ್ ಸಾಯೋದು ಅಪರೂಪ. ಹಾಳಾಗೋದು ಈ ಜಾಗಗಳು: ಪಿನ್ ಬುಡದಲ್ಲಿ ಕೇಬಲ್ ಮಡಚಿ ಮಡಚಿ ಒಳಗಿನ ತಂತಿ ತುಂಡಾಗೋದು, ಪ್ಯಾಡಿನ ಕೃತಕ ಚರ್ಮ ಹೊಪ್ಪಳೆ ಏಳೋದು, ಬಟ್ಟಲು ಮಡಚುವ ಕೀಲಿನ ಪ್ಲಾಸ್ಟಿಕ್ ಸೀಳೋದು. ಹಾಗಾಗಿ ಕೇಬಲ್ ಬಿಚ್ಚಿ ಬದಲಾಯಿಸಬಹುದಾ, ಪ್ಯಾಡ್ ಬಿಡಿಯಾಗಿ ಸಿಗುತ್ತಾ, ಕೀಲು ಲೋಹದ್ದಾ, ಇಷ್ಟು ಕೇಳಿ. ಬಿಚ್ಚುವ ಕೇಬಲ್ ಅಂದ ಮಾತ್ರಕ್ಕೆ ಎಲ್ಲ ಕೇಬಲ್ಲೂ ಕೂರಲ್ಲ. ಆಡಿಯೊ-ಟೆಕ್ನಿಕಾ ಎಂ40ಎಕ್ಸ್, ಎಂ50ಎಕ್ಸ್‌ಗಳಲ್ಲಿ ಬಟ್ಟಲಿನ ಕಡೆ ಇರೋದು ತಿರುಗಿಸಿ ಬಿಗಿಯುವ 2.5 ಎಂಎಂ ಪಿನ್, ಅದಕ್ಕೆ ಅದರದ್ದೇ ಆಕಾರದ ಕೇಬಲ್ ಬೇಕು. 7506ರ ಸುರುಳಿ ಕೇಬಲ್ ಬಿಚ್ಚೋಕಾಗಲ್ಲ, ಆದರೆ ಬೆಸುಗೆ ಬರೋರು ಯಾರಾದರೂ ಹೊಸ ಪಿನ್ ಹಾಕಿಕೊಡ್ತಾರೆ.

ಈಗ ಓಮ್, ಅಂದರೆ ವಿದ್ಯುತ್ತಿಗೆ ಹೆಡ್‌ಫೋನ್ ಒಡ್ಡೋ ತಡೆ. ಇದನ್ನು ಒಂಟಿಯಾಗಿ ನೋಡಿದರೆ ದಾರಿ ತಪ್ಪುತ್ತೆ, ಸೆನ್ಸಿಟಿವಿಟಿ (ಇಷ್ಟು ವಿದ್ಯುತ್ತಿಗೆ ಎಷ್ಟು ಜೋರು ಅನ್ನೋದು) ಜೊತೆಗೇ ನೋಡಬೇಕು. 32 ಓಮ್, 1 ಮಿಲಿವ್ಯಾಟಿಗೆ 100 ಡೆಸಿಬೆಲ್ ಇರೋ ಹೆಡ್‌ಫೋನ್ ತಗೊಳ್ಳಿ. ಹಾಡಿನ ಅತಿ ಜೋರಿನ ಕ್ಷಣಕ್ಕೆ 110 ಡೆಸಿಬೆಲ್ ಬೇಕು ಅಂದ್ಕೊಂಡರೆ 10 ಮಿಲಿವ್ಯಾಟ್, ಅಂದರೆ ಸುಮಾರು 0.57 ವೋಲ್ಟ್. ಇದನ್ನು ಲ್ಯಾಪ್‌ಟಾಪ್ ಸುಲಭವಾಗಿ ಕೊಡುತ್ತೆ. ಅದೇ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊದ 250 ಓಮ್ ಮಾದರಿಗೆ 96 ಡೆಸಿಬೆಲ್ ಅಂತ ಇದೆ. 110 ಮುಟ್ಟಿಸೋಕೆ 25 ಮಿಲಿವ್ಯಾಟ್, ಅಂದರೆ 2.5 ವೋಲ್ಟ್ ಬೇಕು. ಜಾಕ್ ಇಲ್ಲದ ಫೋನಿಗೆ ಹೆಡ್‌ಫೋನ್ ಸಿಕ್ಕಿಸೋಕೆ ಹಾಕೋ ಸಣ್ಣ ಡಾಂಗಲ್ ಬಹುತೇಕ 1 ವೋಲ್ಟ್ ಆಸುಪಾಸು ಕೊಡುತ್ತೆ, ಅದರಲ್ಲಿ 102 ಡೆಸಿಬೆಲ್‌ಗೆ ನಿಲ್ಲುತ್ತೆ. ರಾತ್ರಿ ಕೇಳೋಕೆ ಅಷ್ಟು ಸಾಕಾಗಬಹುದು, ಆದರೆ ಸಣ್ಣ ಧ್ವನಿಯಲ್ಲಿ ರೆಕಾರ್ಡ್ ಆಗಿರೋ ಮಾತು ಎಡಿಟ್ ಮಾಡುವಾಗ ವಾಲ್ಯೂಮ್ ಸಾಲದೇ ಹೋಗುತ್ತೆ. ಅದೇ ಹೆಡ್‌ಫೋನ್ 32, 80 ಓಮ್‌ಗಳಲ್ಲೂ ಬರುತ್ತೆ. ಆಂಪ್ಲಿಫೈಯರ್ ಬೇರೆ ಕೊಳ್ಳೋ ಖರ್ಚು ಉಳಿಸಬೇಕಾದರೆ ಅವನ್ನು ನೋಡಿ.

ಇನ್ನೊಂದು ಎಚ್ಚರ: ಕೆಲವು ಕಂಪನಿಗಳು ಮಿಲಿವ್ಯಾಟಿಗೆ ಬದಲು 1 ವೋಲ್ಟಿಗೆ ಎಷ್ಟು ಡೆಸಿಬೆಲ್ ಅಂತ ಬರೀತಾರೆ. 32 ಓಮ್ ಹೆಡ್‌ಫೋನಿಗೆ "ವೋಲ್ಟಿಗೆ 115", "ಮಿಲಿವ್ಯಾಟಿಗೆ 100" ಎರಡೂ ಒಂದೇ. ಹೋಲಿಸುವಾಗ ಯಾವ ಲೆಕ್ಕ ಅಂತ ನೋಡದಿದ್ದರೆ 15 ಡೆಸಿಬೆಲ್ ಸುಳ್ಳು ವ್ಯತ್ಯಾಸ ಕಾಣುತ್ತೆ.

ಡಾಂಗಲ್ ತಗೊಳ್ಳುವಾಗ ಅದರೊಳಗೆ ಡಿಎಸಿ ಚಿಪ್ (ಡಿಜಿಟಲ್ ಅಂಕಿಗಳನ್ನು ಧ್ವನಿಯ ಸಿಗ್ನಲ್ ಮಾಡೋದು) ಇದೆಯಾ ಕೇಳಿ. ಬರೀ ತಂತಿ ಬದಲಿಸಿಕೊಡುವ ಚಿಪ್ ಇಲ್ಲದ ಡಾಂಗಲ್‌ಗಳೂ ಇವೆ, ಅವು ಕೆಲವೇ ಫೋನುಗಳಲ್ಲಿ ಕೆಲಸ ಮಾಡೋದು.

ಮಂದ್ರಸ್ಥಾಯಿ:

ಇಬ್ಬರಿಗೂ ಧನ್ಯವಾದ, ವೋಲ್ಟಿನ ಲೆಕ್ಕ ಈಗ ಅರ್ಥ ಆಯ್ತು. ವೈರ್‌ಲೆಸ್, ನಾಯ್ಸ್ ಕ್ಯಾನ್ಸಲಿಂಗ್ ಇರೋದು ತಗೊಂಡರೆ ಮೀಟಿಂಗಿಗೂ ಆಗುತ್ತೆ ಅಂತ ಒಂದು ಆಸೆ. ಪೂರ್ತಿ ಕೈಬಿಡಬೇಕಾ? ಕನ್ನಡಕದ ಬಗ್ಗೆಯೂ ಯಾರಾದರೂ ಹೇಳಿ.

ಅಲೆಎಣಿಕೆ:

ಬಸ್ಸು, ರೈಲು, ವಿಮಾನದಲ್ಲಿ ಓಡಾಡೋರಿಗೆ ನಾಯ್ಸ್ ಕ್ಯಾನ್ಸಲಿಂಗಿಗೆ ಕೊಟ್ಟ ದುಡ್ಡು ಸಾರ್ಥಕ. ಎಂಜಿನ್, ಫ್ಯಾನಿನಂಥ ಒಂದೇ ಸಮ ಗುಂಯ್‌ಗುಡುವ ಕೆಳಸ್ವರದ ಸದ್ದನ್ನು ಅದು ಚೆನ್ನಾಗಿ ತೆಗೆಯುತ್ತೆ. ಸುಮಾರು 1,000 ಹರ್ಟ್ಸ್‌ಗಿಂತ ಮೇಲಿನದ್ದನ್ನು, ಅಂದರೆ ಪಾತ್ರೆ ಸದ್ದು, ಮಾತಿನ ಚೂಪು ಭಾಗವನ್ನು, ತಡೆಯೋದು ಪ್ಯಾಡೇ ಹೊರತು ಚಿಪ್ ಅಲ್ಲ. ಮನೆಯೊಳಗಿನ ನಿಮ್ಮ ಬಳಕೆಗೆ ಅದರ ಅಗತ್ಯ ನನಗೆ ಕಾಣ್ತಿಲ್ಲ.

ವೈರ್‌ಲೆಸ್‌ನಲ್ಲಿ ನಿಮಗೆ ನೇರವಾಗಿ ತಟ್ಟೋ ತೊಂದರೆ ಮೂರು. ಒಂದು, ಎಡಿಟಿಂಗ್. ಬ್ಲೂಟೂತ್‌ನಲ್ಲಿ ಧ್ವನಿ ತಡವಾಗಿ ಬರುತ್ತೆ, ಟೈಮ್‌ಲೈನಿನಲ್ಲಿ ಕತ್ತರಿ ಹಾಕಿದ ಜಾಗಕ್ಕೂ ಕಿವಿಗೆ ಕೇಳಿದ್ದಕ್ಕೂ ತಾಳೆ ಆಗಲ್ಲ. ಎರಡು, ಮೀಟಿಂಗ್. ಹೆಡ್‌ಫೋನಿನ ಮೈಕ್ ಚಾಲೂ ಆದ ಕೂಡಲೇ ಸಾಧಾರಣ ಬ್ಲೂಟೂತ್ ಕರೆಯ ಮೋಡಿಗೆ ಇಳಿದು ಸ್ಟೀರಿಯೊ ಹೋಗಿ ಮೋನೊ ಆಗುತ್ತೆ, ಎಲ್ಲರ ದನಿಯೂ ಹಳೇ ಟೆಲಿಫೋನಿನ ಹಾಗಾಗುತ್ತೆ. ಹೆಡ್‌ಫೋನ್ ಕೆಟ್ಟಿತು ಅಂತ ಎಷ್ಟೋ ಜನ ವಾಪಸ್ ಕೊಡೋದು ಇದೇ ಕಾರಣಕ್ಕೆ. ಮೀಟಿಂಗ್ ಸೆಟ್ಟಿಂಗಿನಲ್ಲಿ ಮೈಕ್ ಜಾಗದಲ್ಲಿ ಲ್ಯಾಪ್‌ಟಾಪಿನ ಮೈಕ್ ಆರಿಸಿ, ಸ್ಪೀಕರ್ ಜಾಗದಲ್ಲಿ ಹೆಡ್‌ಫೋನ್ ಇಟ್ಟರೆ ಸರಿಹೋಗುತ್ತೆ. ಮೂರು, ಬ್ಯಾಟರಿ. ನೂರಾರು ಸಲ ಚಾರ್ಜ್ ಆದಮೇಲೆ ಅದು ಸೊರಗುತ್ತೆ, ಬದಲಾಯಿಸೋಕೆ ಬರದ ಮಾದರಿಯಾದರೆ ಡ್ರೈವರ್ ಚೆನ್ನಾಗಿದ್ದರೂ ಇಡೀ ಹೆಡ್‌ಫೋನ್ ಬಿಸಾಡಬೇಕು.

ಆದರೂ ವೈರ್‌ಲೆಸ್ಸೇ ಬೇಕೆಂದರೆ ಕೋಡೆಕ್ (ಬ್ಲೂಟೂತ್‌ನಲ್ಲಿ ಧ್ವನಿ ಕುಗ್ಗಿಸಿ ಕಳಿಸೋ ವಿಧಾನ) ಹೆಸರಿಗೆ ಜಾಸ್ತಿ ಕೊಡಬೇಡಿ. ಎಲ್‌ಡಿಎಸಿ ಅನ್ನೋ ಕೋಡೆಕ್ ಸೆಕೆಂಡಿಗೆ 990 ಕಿಲೋಬಿಟ್ ತನಕ ಹೋಗುತ್ತೆ ನಿಜ, ಆದರೆ ಐಫೋನಿನಲ್ಲಿ ಅದು ಇಲ್ಲವೇ ಇಲ್ಲ, ಅಲ್ಲಿ ಎಎಸಿ. ಆಂಡ್ರಾಯ್ಡಿನಲ್ಲೂ ಸಿಗ್ನಲ್ ಕುಂದಿದರೆ 660, 330ಕ್ಕೆ ಇಳಿಯುತ್ತೆ. ಕೇಬಲ್ ಹಾಕಿದರೆ ಬ್ಯಾಟರಿ ಇಲ್ಲದೆಯೂ ನಡೆಯುತ್ತಾ ಅಂತ ನೋಡೋದು ಅದಕ್ಕಿಂತ ಮುಖ್ಯ.

ಕನ್ನಡಕ: ಅದರ ಕಡ್ಡಿ ಪ್ಯಾಡನ್ನು ಎತ್ತಿಹಿಡಿದು ಸಂದು ಮಾಡುತ್ತೆ, ಆ ಸಂದಿನಲ್ಲಿ ಬಾಸ್ ಸೋರಿಹೋಗುತ್ತೆ. ಪರೀಕ್ಷೆ ಸುಲಭ. ಬಾಸ್ ಚೆನ್ನಾಗಿರೋ ಹಾಡು ಹಾಕಿ, ಎರಡೂ ಬಟ್ಟಲನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಬಾಸ್ ಒಮ್ಮೆಲೇ ಉಬ್ಬಿದರೆ ಸಂದಿದೆ ಅಂತ ಅರ್ಥ. ಗಟ್ಟಿ, ತೆಳು ಪ್ಯಾಡಿಗಿಂತ ಮೆತ್ತಗಿನ ದಪ್ಪ ಪ್ಯಾಡ್ ಕಡ್ಡಿಯ ಸುತ್ತ ತಾನೇ ಬಳಸಿಕೊಂಡು ಕೂರುತ್ತೆ. ವೆಲೂರ್ ಬಟ್ಟೆಯ ಪ್ಯಾಡ್ ಬೆವರೂ ಕಡಿಮೆ ಮಾಡುತ್ತೆ. ಪ್ಯಾಡಿನ ಒಳತೂತು ಕಿವಿಗಿಂತ ಚಿಕ್ಕದಿದ್ದರೆ, ಅಥವಾ ಆಳ ಸಾಲದೆ ಕಿವಿಯ ಅಂಚು ಡ್ರೈವರಿನ ಬಟ್ಟೆಗೆ ತಾಗಿದರೆ, ಅರ್ಧ ಗಂಟೆಯಲ್ಲೇ ನೋವು ಶುರು. ಕೊಳ್ಳೋ ಮುಂಚೆ ನಿಮ್ಮ ಕಿವಿಯ ಎತ್ತರವನ್ನು ಸ್ಕೇಲಿನಿಂದ ಅಳೆದಿಟ್ಟುಕೊಳ್ಳಿ.

ಶ್ರುತಿಪೆಟ್ಟಿಗೆ:

ಒಪ್ಪಿದೆ. ಆದರೆ ವೆಲೂರ್ ವಿಷಯದಲ್ಲಿ ಒಂದು ಮಾತು: ಚರ್ಮದ ಪ್ಯಾಡಿಗೆಂದು ಮಾಡಿರೋ ಹೆಡ್‌ಫೋನಿಗೆ ಆಮೇಲೆ ವೆಲೂರ್ ಹಾಕಿದರೆ ಬಾಸ್ ಇಳಿದು ಧ್ವನಿಯೇ ಬದಲಾಗಿಬಿಡುತ್ತೆ. ವೆಲೂರ್ ಬೇಕಿದ್ದರೆ ಕಂಪನಿಯೇ ಅದನ್ನು ಹಾಕಿ ಕೊಡೋ ಮಾದರಿ ನೋಡಿ. 770 ಪ್ರೊದ 80, 250 ಓಮ್‌ಗಳಲ್ಲಿ ಹಾಗೇ ಬರುತ್ತೆ. ಅದರ ಟ್ರೆಬಲ್ ಸ್ವಲ್ಪ ಚೂಪು, ಈಕ್ವಲೈಸರಿನಲ್ಲಿ (ಧ್ವನಿಯ ಏರಿಳಿತ ತಿದ್ದೋ ಸಾಫ್ಟ್‌ವೇರ್) ತಗ್ಗಿಸಬೇಕಾಗುತ್ತೆ.

ಈಕ್ವಲೈಸರನ್ನು ಕೀಳಾಗಿ ನೋಡಬೇಡಿ, ದುಡ್ಡು ಉಳಿಸೋ ದೊಡ್ಡ ದಾರಿ ಅದು. ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ, ಆಂಡ್ರಾಯ್ಡಿನಲ್ಲಿ ವೇವ್‌ಲೆಟ್ ಇವೆ. ಅಳತೆ ಆಗಿರೋ ಮಾದರಿಯಾದರೆ ಅದಕ್ಕೆ ಬೇಕಾದ ತಿದ್ದುಪಡಿ ಆಟೋಈಕ್ಯೂ ಅನ್ನೋ ಯೋಜನೆಯಲ್ಲಿ ಸಿದ್ಧವಾಗೇ ಸಿಗುತ್ತೆ. ಏರಿಸೋದಕ್ಕಿಂತ ಇಳಿಸೋದು ಒಳ್ಳೇದು. ಬಾಸ್ 5 ಡೆಸಿಬೆಲ್ ಏರಿಸಿದರೆ ಪ್ರೀಆಂಪನ್ನು (ಅದರಲ್ಲಿನ ಒಟ್ಟಾರೆ ಮಟ್ಟ) ಮೈನಸ್ 5ಕ್ಕೆ ಇಳಿಸಿ, ಇಲ್ಲದಿದ್ದರೆ ಜೋರಿನ ಜಾಗಗಳಲ್ಲಿ ಧ್ವನಿ ಹರಿದಂತಾಗುತ್ತೆ. ಗ್ರಾಫಿನ 8,000 ಹರ್ಟ್ಸ್ ಮೇಲಿನ ಸಣ್ಣ ಸಣ್ಣ ಗುಂಡಿಗಳನ್ನು ತುಂಬೋಕೆ ಹೋಗಬೇಡಿ, ಅವು ಕಿವಿಯಿಂದ ಕಿವಿಗೆ ಬದಲಾಗುತ್ತವೆ.

ತಂತಿಬೆಸುಗೆ:

ಯಾವುದೇ ತಗೊಂಡರೂ ವಾಪಸ್ ಕೊಡೋ ಅವಧಿ ಮುಗಿಯೋದರೊಳಗೆ ಇಷ್ಟು ಮಾಡಿ. ಮೊದಲು ಎಡ, ಬಲ ಬೇರೆ ಬೇರೆ ಕೇಳಿ, ತಂತಿ ಅದಲುಬದಲಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮೋನೊ ಮಾಡಿದ ಮಾತು ಹಾಕಿ: ದನಿ ಹಣೆಯ ನಟ್ಟನಡುವೆ ನಿಲ್ಲಬೇಕು. ಒಂದು ಕಡೆಗೆ ಎಳೆದರೆ ಹೆಡ್‌ಫೋನನ್ನು ತಿರುಗಿಸಿ ಹಾಕಿ. ಎಳೆತವೂ ತಿರುಗಿದರೆ ದೋಷ ಹೆಡ್‌ಫೋನಿನದ್ದು, ತಿರುಗದಿದ್ದರೆ ಕಿವಿಯದ್ದೋ ಕೂರಿಸಿದ ರೀತಿಯದ್ದೋ. ದನಿ ನಡುವೆ ನಿಲ್ಲದೆ ಚದುರಿ, ಬಾಸೂ ಇಲ್ಲದಿದ್ದರೆ ಒಂದು ಡ್ರೈವರಿನ ಪ್ಲಸ್-ಮೈನಸ್ ಉಲ್ಟಾ ಆಗಿದೆ. ಹಾಡುವವರ ಧ್ವನಿ ಮಾಯವಾಗಿ ಪಕ್ಕವಾದ್ಯಗಳಷ್ಟೇ ದೂರದಿಂದ ಬಂದಂತೆ ಕೇಳಿದರೆ ಗಾಬರಿ ಬೇಡ, ಪಿನ್ ಪೂರ್ತಿ ಒಳಗೆ ಹೋಗದೆ ಗ್ರೌಂಡ್ ತಾಗ್ತಿಲ್ಲ ಅಷ್ಟೇ.

ಆಮೇಲೆ 20 ಹರ್ಟ್ಸ್‌ನಿಂದ ಮೇಲೇರುವ ಸ್ವೀಪ್ ಧ್ವನಿಯನ್ನು ಸಣ್ಣ ವಾಲ್ಯೂಮಿನಲ್ಲಿ ಹಾಕಿ. 30ರಿಂದ 100 ಹರ್ಟ್ಸ್ ನಡುವೆ ಟರ್ರ್ ಅಂತ ಬಂದರೆ ಪೊರೆಗೆ ಕೂದಲೋ ಕಸವೋ ತಾಗಿದೆ, ಅಥವಾ ಕಾಯಿಲ್ ಉಜ್ಜುತ್ತಿದೆ. ಪ್ಯಾಡ್ ತೆಗೆದು ನೋಡಿ, ಕೂದಲು ಕಾಣದಿದ್ದರೆ ಬದಲಿ ಕೇಳಿ.

ಎರಡು ಮಾದರಿ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳದಿದ್ದರೆ ಹೋಲಿಕೆ ದಂಡ. 1 ಡೆಸಿಬೆಲ್ ಜೋರಾಗಿರೋದೇ ಚೆನ್ನಾಗಿದೆ ಅನ್ನಿಸಿಬಿಡುತ್ತೆ. ಒಂದೇ ಹಾಡಿನ ಅದೇ ಅರ್ಧ ನಿಮಿಷ ಕೇಳಿ. ಹಾಕಿದ ಐದು ನಿಮಿಷದಲ್ಲಿ ತೀರ್ಮಾನಿಸದೆ ನಿಮ್ಮ ಮೂರು ಗಂಟೆಯ ಕೆಲಸವನ್ನು ಕನ್ನಡಕ ಹಾಕಿಯೇ ಒಮ್ಮೆ ಪೂರ್ತಿ ಮಾಡಿ ನೋಡಿ. ನೆತ್ತಿ ಉರಿಯೋದು, ಕಿವಿ ಹಿಂದೆ ಕಡ್ಡಿ ಒತ್ತೋದು ಗೊತ್ತಾಗೋದು ಎರಡನೇ ಗಂಟೆಯಲ್ಲಿ. ಹಿಡಿತ ತೀರಾ ಬಿಗಿ ಅನ್ನಿಸಿದರೆ ಹೆಡ್‌ಬ್ಯಾಂಡ್ ಲೋಹದ್ದಾದಲ್ಲಿ ತಲೆಗಿಂತ ತುಸು ಹೆಚ್ಚು ಅಗಲದ ಪುಸ್ತಕಗಳ ಸಾಲಿಗೆ ಒಂದು ರಾತ್ರಿ ಸಿಕ್ಕಿಸಿಟ್ಟರೆ ಸಡಿಲವಾಗುತ್ತೆ. ಅತಿ ಸಡಿಲ ಮಾಡಬೇಡಿ, ಮತ್ತೆ ಬಾಸ್ ಸೋರುತ್ತೆ.

ಅಲೆಎಣಿಕೆ:

ವಾಲ್ಯೂಮ್ ಮಾತು ಬಂದಿದ್ದಕ್ಕೆ: ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ವಯಸ್ಕರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತೆ, ಅಂದರೆ 83ರಲ್ಲಿ 20 ಗಂಟೆ, 86ರಲ್ಲಿ 10. ಎಡಿಟಿಂಗಿಗೆ ಕೂರೋ ಮುಂಚೆ ಮಾತು ಸ್ಪಷ್ಟವಾಗೋ ಕಡಿಮೆ ಮಟ್ಟ ಕಂಡುಕೊಂಡು ಅಲ್ಲಿಗೇ ಗುರುತು ಮಾಡಿಕೊಳ್ಳಿ. ಎರಡನೇ ಗಂಟೆಯಲ್ಲಿ ಏರಿಸಬೇಕು ಅನ್ನಿಸಿದರೆ ಕಿವಿ ದಣಿದಿದೆ, ಹೆಡ್‌ಫೋನ್ ತೆಗೆದಿಟ್ಟು ಹತ್ತು ನಿಮಿಷ ಎದ್ದು ಓಡಾಡಿ.

ಮಂದ್ರಸ್ಥಾಯಿ:

ಸರಿ, ವೈರ್ ಇರೋ ಕ್ಲೋಸ್ಡ್ ಬ್ಯಾಕ್, 80 ಓಮ್ ಒಳಗೆ, ಪ್ಯಾಡ್ ಬಿಡಿಯಾಗಿ ಸಿಗುವಂಥದ್ದು. ಫೋನಿಗೆ ಡಿಎಸಿ ಇರೋ ಡಾಂಗಲ್. ಎಂ40ಎಕ್ಸ್, 770 ಪ್ರೊ 80 ಎರಡನ್ನೂ ಕನ್ನಡಕ ಹಾಕ್ಕೊಂಡೇ ಕೇಳಿ ನೋಡ್ತೀನಿ. ಬಟ್ಟಲು ಒತ್ತಿ ನೋಡೋ ಪರೀಕ್ಷೆ ಮೊದಲು.